ಬೆನ್ನಿನ ಮೇಲೊಂದು ಮೊಹರು

ಸೀಲ್ ಮೇಡಂ ಪದವಿ ಪತ್ರವನ್ನು ಓದಲಿಲ್ಲ. ಉಗುರಿನಿಂದ ಕುಟ್ಟಿ ನೋಡಿದರು. ಟಕ್ ಟಕ್ ಎಂದಿತು. ಕಾಗದ ಹಾಗೆ ಸದ್ದು ಮಾಡುವುದಿಲ್ಲ ಎಂಬುದು ಗಾಜಿನ ಈಚೆ ನಿಂತವಳಿಗೂ ಗೊತ್ತಿತ್ತು. ಅದೊಂದು ತಪ್ಪು ಎಂದು ಗೊತ್ತಾದದ್ದು ಮಾತ್ರ ಆಗ.

"ಲ್ಯಾಮಿನೇಷನ್ ಮಾಡ್ಸಿದೀರಲ್ಲ," ಎಂದರು ಮೇಡಂ.

"ಹಾಳಾಗಬಾರ್ದು ಅಂತ, ಮೇಡಂ."

"ಹಾಳಾಗಿಲ್ಲ ಬಿಡಿ. ಸ್ವಲ್ಪ ಹಾಳಾಗಿದ್ರೇ ಚೆನ್ನಾಗಿತ್ತು."

ಅವರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಓದು ನಿಜವೆಂದು ಮೊಹರು ಒತ್ತುತ್ತ ಕೂರುವ ಹೆಂಗಸು. ಬಲಗೈ ಹೆಬ್ಬೆರಳು ಸದಾ ನೇರಳೆ. ಪತ್ರವನ್ನು ಮಗುಚಿ, ಬೆನ್ನಿನ ಪ್ಲಾಸ್ಟಿಕ್ಕಿನ ಒಂದು ಮೂಲೆಗೆ ಸೀಲಿನ ಅಂಚನ್ನು ತುಸುವೇ ಒತ್ತಿದರು. ನೇರಳೆ ಕಮಾನೊಂದು ಮೂಡಿತು. ಆ ಹೆಬ್ಬೆರಳಿನಿಂದಲೇ ಒರೆಸಿದರು. ಕಮಾನು ಹೋಯಿತು.

"ನೋಡಿದ್ರಾ? ಸೀಲು ಕಾಗದದ ಬೆನ್ನಿಗೆ ಕೂರಬೇಕು. ಇದ್ರ ಮೇಲೆ ಒತ್ತೋದೂ ಒಂದೇ, ನೀರ ಮೇಲೆ ಒತ್ತೋದೂ ಒಂದೇ."

"ಬೇರೆ ದಾರಿ ಏನೂ ಇಲ್ವಾ ಮೇಡಂ?"

"ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರತಿ ತರಿಸಿ. ನಾಲ್ಕು ತಿಂಗಳಾಗುತ್ತೆ. ಅದಕ್ಕೆ ಮೊದಲು ಇದು ಕಳೆದುಹೋಗಿದೆ ಅಂತ ಪೊಲೀಸ್ ಕಂಪ್ಲೇಂಟ್ ಕೊಡಬೇಕು."

"ಕಳೆದಿಲ್ವಲ್ಲ."

"ಅದೂ ಒಂದು ತೊಂದ್ರೆನೇ." ಮೇಡಂ ಪತ್ರವನ್ನು ಗಾಜಿನ ಕೆಳಗಿನ ಸಂದಿಯಿಂದ ಈಚೆ ತಳ್ಳಿದರು. "ನಿಮ್ಮದು ಎಲ್ಲಾ ಸರಿ ಇದೆ. ಪ್ಲಾಸ್ಟಿಕ್ ಒಂದು ಜಾಸ್ತಿ. ನಂಗೆ ಬೆರಳಿಗೆ ಕಾಗದ ಸಿಗಬೇಕು, ಅಷ್ಟೆ. ನಾಳೆ ಮಧ್ಯಾಹ್ನದವರೆಗೂ ಈ ಸೀಟಲ್ಲೇ ಇರ್ತೀನಿ. ಆಮೇಲೆ ಸೋಮವಾರ."

ಸೋಮವಾರದ ಮಾತು ಎತ್ತುವ ಹಾಗೇ ಇರಲಿಲ್ಲ. ಅವಳು ಹೋಗಬೇಕೆಂದಿದ್ದ ದೇಶ ವಲಸೆ ಬರುವವರಿಗೆ ಪರೀಕ್ಷೆಯಲ್ಲಿ ಕೊಡುವ ಹಾಗೆ ಅಂಕ ಕೊಡುತ್ತಿತ್ತು. ಓದಿಗಿಷ್ಟು, ಅನುಭವಕ್ಕಿಷ್ಟು, ಭಾಷೆಗಿಷ್ಟು, ವಯಸ್ಸಿಗಿಷ್ಟು. ನಾಡಿದ್ದು ಶನಿವಾರ ಅವಳಿಗೆ ನಲವತ್ತು ತುಂಬುತ್ತಿತ್ತು. ನಲವತ್ತು ತುಂಬಿದವರ ಅಂಕ ಕತ್ತರಿಸುವುದು ಆ ದೇಶದ ಕ್ರಮ; ಕತ್ತರಿಸಿದರೆ ಅವಳ ಮೊತ್ತ ಗೆರೆಯ ಕೆಳಗೆ ಬೀಳುತ್ತಿತ್ತು. ಹುಟ್ಟಿದ ದಿನಕ್ಕೆ ಫೇಲು ಮಾಡುವ ಪರೀಕ್ಷೆಯನ್ನು ಅವಳು ಎಲ್ಲೂ ಕಂಡಿರಲಿಲ್ಲ. ಆಸ್ಪತ್ರೆಯ ಅನುಭವ ಪತ್ರ, ಭಾಷಾ ಪರೀಕ್ಷೆ, ಪೊಲೀಸರ ಒಪ್ಪಿಗೆ, ಎಲ್ಲದಕ್ಕೂ ತಿಂಗಳುಗಟ್ಟಲೆ ಅಲೆದಾಗಿತ್ತು. ಪದವಿ ಪತ್ರಕ್ಕೆ ಮೊಹರು ಹಾಕಿಸುವುದನ್ನು ಕೊನೆಗಿಟ್ಟುಕೊಂಡದ್ದು, ಅದೇ ಎಲ್ಲಕ್ಕಿಂತ ಸುಲಭ ಎಂದು ಮನೆಮಂದಿಯೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದರಿಂದ.

ಗಂಡ ಆಗಲೇ ಅಲ್ಲಿದ್ದ. ಲಿಫ್ಟ್ ಮೆಕ್ಯಾನಿಕ್. ಇಲ್ಲಿಯ ಕಂಪನಿ ಬಾಗಿಲು ಹಾಕಿದ ಮೇಲೆ ಹೋದವನು, ಅವನ ಕೆಲಸದ ಪರವಾನಗಿ ಈ ತಿಂಗಳ ಕೊನೆಗೆ ಮುಗಿಯುವುದಿತ್ತು. ಹೆಂಡತಿಯ ಅರ್ಜಿ ಒಳಗೆ ಬಿದ್ದಿದ್ದರೆ ಅವನು ಅಲ್ಲೇ ಇರಬಹುದು, ಅವಳು ಹಿಂದೆಯೇ ಹೋಗಬಹುದು. ಬೀಳದಿದ್ದರೆ ಅವನು ಪೆಟ್ಟಿಗೆ ಕಟ್ಟಬೇಕು. ಬಂದು ಇಲ್ಲಿ ಯಾವ ಲಿಫ್ಟ್ ಹತ್ತಿಳಿಯುವುದು? ಮದುವೆಯಾದಾಗಿನಿಂದ ಅವರಿಬ್ಬರು ಒಂದೇ ಸೂರಿನಡಿ ಇದ್ದದ್ದಕ್ಕಿಂತ ಒಂದೇ ಫೋನಿನೊಳಗೆ ಇದ್ದದ್ದು ಹೆಚ್ಚು.

ಪತ್ರವನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು. ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಉಸಿರಕ್ಕ ಎಂದು. ಎಕ್ಸ್-ರೇ ಕೋಣೆಯಲ್ಲಿ ಕೆಲಸ. "ತಿರುಗಿ ನಿಲ್ಲಿ, ಇದು ಫೋಟೋ ಅಲ್ಲ. ಎದೆ ಹಲಗೆಗೆ ಒತ್ತಿ. ಉಸಿರು ಹಿಡ್ಕೊಳ್ಳಿ. ಅಲ್ಲಾಡ್ಬೇಡಿ. ಬಿಡಿ." ಹದಿನೈದು ವರ್ಷದಲ್ಲಿ ಊರಿನ ಅರ್ಧ ಜನ ಅವಳ ಅಪ್ಪಣೆಯಾಗುವವರೆಗೂ ಉಸಿರಾಡದೆ ನಿಂತಿದ್ದಾರೆ. ಆ ದಿನ ಬಸ್ಸಿನಲ್ಲಿ ಅವಳಿಗೇ ಉಸಿರು ಸರಿಯಾಗಿ ಆಡುತ್ತಿರಲಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದಳು. ಅಪ್ಪ ಕುರ್ಚಿಯಲ್ಲಿ ಕೂತಿದ್ದರು, ಅಮ್ಮ ಹೊಲಿಗೆ ಯಂತ್ರದ ಮುಂದೆ. ಯಂತ್ರ ನಿಂತಿತು.

"ಕೇಳಿದ್ರಾ?" ಎಂದರು ಅಮ್ಮ. "ನಿಮ್ಮ ಕೈಗೆ ಸಿಕ್ಕಿದ ವಸ್ತು ಯಾವುದಾದ್ರೂ ಇವತ್ತಿನವರೆಗೂ ಉಸಿರಾಡಿದೆಯಾ?"

ಅದು ಅನ್ಯಾಯದ ಮಾತೇನಲ್ಲ. ಅಪ್ಪ ಬದುಕಿಡೀ ನಡೆಸಿದ್ದು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ. ಅಂಗಡಿ ಮುಚ್ಚಿ ಯಂತ್ರ ಮಾರಿ ಎಷ್ಟೋ ಕಾಲವಾದರೂ ಮನೆಯಲ್ಲಿ ಅದರ ಗುರುತುಗಳು ಉಳಿದಿದ್ದವು. ಅಮ್ಮನ ಮಾತ್ರೆ ಚೀಟಿ ಪ್ಲಾಸ್ಟಿಕ್ಕಿನೊಳಗೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಕ್ರಮ ಪ್ಲಾಸ್ಟಿಕ್ಕಿನೊಳಗೆ. ಹಳೆಯ ಫ್ರಿಜ್ ಗುಜರಿಗೆ ಹೋಗಿ ಯಾವುದೋ ಕಾಲವಾಗಿತ್ತು, ಅದರ ವಾರಂಟಿ ಕಾರ್ಡ್ ಮಾತ್ರ ನಿನ್ನೆ ಕೊಟ್ಟ ಹಾಗೆ ಫಳಫಳ ಹೊಳೆಯುತ್ತಿತ್ತು. ಮಗಳು ಪದವಿ ಪತ್ರ ತಂದ ದಿನ ಅಪ್ಪ ಗಿರಾಕಿಗಳನ್ನೆಲ್ಲ ಹೊರಗೆ ನಿಲ್ಲಿಸಿ, ಯಂತ್ರದ ಉರುಳೆ ಒರೆಸಿ, ಅತಿ ದಪ್ಪನೆಯ ಹಾಳೆ ಆರಿಸಿ ಕೆಲಸ ಮಾಡಿದ್ದರು. ಒಂದು ಸಲವಲ್ಲ, ಎರಡು ಸಲ ಉರುಳೆಗೆ ಕೊಟ್ಟಿದ್ದರು. ಒಂದೇ ಒಂದು ಗುಳ್ಳೆ ಇರಲಿಲ್ಲ. ಅವರ ಅಂಗಡಿಯ ಕೆಲಸಕ್ಕೆ ಗುಳ್ಳೆ ಎದ್ದದ್ದೂ ಇಲ್ಲ, ಅಂಚು ಬಾಯಿ ಬಿಟ್ಟದ್ದೂ ಇಲ್ಲ. ಜಂಬಪಡಲು ಅವರಿಗೆ ಬೇರೆ ಆಸ್ತಿಯೂ ಇರಲಿಲ್ಲ.

"ಬಿಚ್ಚಿಕೊಡಿ ಅಪ್ಪ," ಎಂದಳು ಮಗಳು.

"ಬರಲ್ಲ."

"ಬರಲ್ಲ ಅಂದ್ರೆ?"

"ಬಿಚ್ಚಕ್ಕೆ ಬರೋ ಹಾಗೆ ನಾನು ಮಾಡೇ ಇಲ್ಲ ಕಣಮ್ಮ. ಎರಡು ಸಲ ಕೊಟ್ಟಿದೀನಿ. ಅದು ಕಾಗದದ ಒಳಗೆ ಇಳಿದುಬಿಟ್ಟಿದೆ."

ಅಮ್ಮ ದಾರವನ್ನು ಹಲ್ಲಿನಿಂದ ಕಡಿದರು. "ಬಿಚ್ಚಕ್ಕೆ ಬರಲ್ಲ ಅಂತಿದಾರೋ, ಬಿಚ್ಚಿ ನಿನ್ನ ಕಳಿಸೋಕೆ ಮನಸ್ಸಿಲ್ಲ ಅಂತಿದಾರೋ, ಅದೊಂದು ಸರಿಯಾಗಿ ಕೇಳ್ಕೋ."

ಅಪ್ಪ ಎದ್ದು ಬೀರು ತೆಗೆದು, ಬಟ್ಟೆಗಳ ಕೆಳಗಿನಿಂದ ಒಂದು ಕಾಗದ ತಂದು ಮೇಜಿನ ಮೇಲಿಟ್ಟರು. ಪದವಿ ಪತ್ರ. ಅದೇ ಲಾಂಛನ, ಅದೇ ಹೆಸರು, ಅದೇ ಸಹಿ, ಪ್ಲಾಸ್ಟಿಕ್ ಇಲ್ಲ.

"ಅವತ್ತೇ ತೆಗೆದ ಕಲರ್ ಜೆರಾಕ್ಸ್," ಎಂದರು ತಗ್ಗಿದ ದನಿಯಲ್ಲಿ. "ಒಳ್ಳೇ ದಪ್ಪ ಕಾಗದ. ಅಸಲಿಗಿಂತ ಚೆನ್ನಾಗಿ ಬಂದಿದೆ."

ಅವಳು ಅದನ್ನು ಎತ್ತಿ ನೋಡಿದಳು. ಅಪ್ಪನ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಬೆನ್ನು ಹಾಲಿನ ಹಾಗೆ ಬೆಳ್ಳಗೆ, ಮೊಹರಿಗಾಗಿಯೇ ಕಾದು ಕೂತಂತಿತ್ತು. ಅಷ್ಟರಲ್ಲಿ ಗಂಡನ ಫೋನು. ಅವನಿಗೆ ಎಲ್ಲ ಹೇಳಿದಳು, ಜೆರಾಕ್ಸಿನ ವಿಷಯವನ್ನೂ.

"ಅದನ್ನೇ ಕೊಡು ಮತ್ತೆ," ಎಂದ ಅವನು. "ಮಾವ ಮಾಡಿದ್ದು ಅಂದ್ರೆ ಬ್ರಹ್ಮನಿಗೂ ಗೊತ್ತಾಗಲ್ಲ."

"ಬ್ರಹ್ಮನಿಗೆ ಗೊತ್ತಾಗದೆ ಇರಬಹುದು. ಆ ಮೇಡಂಗೆ ಗೊತ್ತಾಗುತ್ತೆ. ಬೆಳಿಗ್ಗೆ ಕುಟ್ಟಿ ನೋಡಿ ವಾಪಸ್ ಕಳಿಸಿದ್ದು ನಾಳೆ ಹೊಸದಾಗಿ ಹುಟ್ಟಿಕೊಂಡು ಬಂದ್ರೆ ಅವರೇನು ಕುರುಡರಾ?"

"ಏನೋ ಹೇಳಿದ್ರಾಯ್ತು."

"ಸುಳ್ಳು ದಾಖಲೆ ಅಂತ ಸಿಕ್ಕಿಬಿದ್ರೆ ಹತ್ತು ವರ್ಷ ಬಾಗಿಲು ಹಾಕ್ತಾರೆ, ರೀ. ನಿಮ್ಮ ದೇಶದವರೇ ದಪ್ಪ ಅಕ್ಷರದಲ್ಲಿ ಬರೆದಿದಾರೆ. ಆಗ ನಂಗೆ ಐವತ್ತು. ನಿಮಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ."

ಆ ಕಡೆ ಲೆಕ್ಕ ನಡೆಯಿತು. "ನಂದು ಇನ್ನೂ ಮೂರು ಜಾಸ್ತಿ," ಎಂದ ಅವನು ಸಣ್ಣ ದನಿಯಲ್ಲಿ. "ಹಾಗಾದ್ರೆ ಬಿಚ್ಚು."

ಅವಳು ಜೆರಾಕ್ಸನ್ನು ಎರಡಾಗಿ ಮಡಿಸಿ ಅಪ್ಪನ ಕೈಗೆ ಕೊಟ್ಟಳು. ಮಡಿಸಿದ ಗೆರೆಯನ್ನು ನೋಡಿ ಅಪ್ಪ ಮುಖ ಕಿವುಚಿದರು. ಕಾಗದ ಮಡಿಸುವುದು ಅವರ ಕಣ್ಣಿಗೆ ಹಿಂಸೆ.

ದಾರಿ ತೋರಿಸಿದ್ದು ಅಮ್ಮ. "ಕಾಲರು ಗಟ್ಟಿ ನಿಲ್ಲಲಿ ಅಂತ ಒಳಗೆ ಅಂಟಿಸೋ ಬಕ್ರಂ ಬಟ್ಟೆ ಎಷ್ಟು ಬಿಚ್ಚಿಲ್ಲ ನಾನು? ಇಸ್ತ್ರಿ ಇಟ್ಟು, ಬಿಸಿ ಇರುವಾಗ್ಲೇ ಎಳೀಬೇಕು. ತಣ್ಣಗಾದ್ರೆ ಬಟ್ಟೆನೂ ಜೊತೆಗೆ ಬರುತ್ತೆ. ಇದೂ ಅಂಟೇ ತಾನೆ?"

"ಬಟ್ಟೆ ಬೇರೆ, ಕಾಗದ ಬೇರೆ," ಎಂದರು ಅಪ್ಪ.

"ಮೊದಲು ಬೇರೆ ಯಾವುದಾದ್ರೂ ಬಿಚ್ಚಿ ನೋಡೋಣ," ಎಂದಳು ಮಗಳು.

ಅಪ್ಪ ಮನೆಯೆಲ್ಲ ಸುತ್ತಿ ಬಂದರು. ಯಾವುದನ್ನು ಬಲಿ ಕೊಡುವುದು ಎಂದು ತೋಚದವರ ಹಾಗೆ ಒಂದೊಂದನ್ನೂ ಮುಟ್ಟಿ ಕೆಳಗಿಟ್ಟರು. ಕೊನೆಗೆ ತಂದದ್ದು ಅಂಗಡಿಯ ದರಪಟ್ಟಿ. ಪದವಿ ಪತ್ರದ ಹಾಗೆಯೇ ದಪ್ಪ ಹಾಳೆ, ಎರಡು ಸಲ ಉರುಳೆ. ಅಮ್ಮ ಬಟ್ಟೆ ಹಾಸಿ ಇಸ್ತ್ರಿ ಇಟ್ಟರು, ಅಪ್ಪ ಮೂಲೆ ಹಿಡಿದು ಎಳೆದರು. ಮುಂದಿನ ಪ್ಲಾಸ್ಟಿಕ್ ಸಲೀಸಾಗಿ ಬಂತು. ಅಕ್ಷರಗಳೂ ಅದರ ಜೊತೆಗೇ ಬಂದವು. ಎಲ್ಲ ದರಗಳೂ ತಿರುಗುಮುರುಗಾಗಿ ಪ್ಲಾಸ್ಟಿಕ್ಕಿಗೆ ಅಂಟಿದ್ದವು, ಕಾಗದ ಬೋಳುಬೋಳು.

ಪದವಿ ಪತ್ರದಲ್ಲಿ ಲಾಂಛನ ಮತ್ತು ಗೆರೆಗಳು ಕಾಗದಕ್ಕೆ ಇಳಿದ ಅಚ್ಚಿನ ಶಾಯಿಯವು. ಅವಳ ಹೆಸರು, ದರ್ಜೆ, ವರ್ಷ ಮಾತ್ರ ದರಪಟ್ಟಿಯ ಹಾಗೆ ಪ್ರಿಂಟರಿನ ಟೋನರ್ ಪುಡಿಯಲ್ಲಿ ಮೂಡಿದವು. ಬಿಚ್ಚಿದರೆ ಪದವಿ ಉಳಿಯುತ್ತದೆ. ಯಾರದೆಂದು ಕೇಳಬಾರದು ಅಷ್ಟೆ.

ಅವಳು ಪತ್ರವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದಳು, ಆಸ್ಪತ್ರೆಯಲ್ಲಿ ಫಿಲ್ಮ್ ನೋಡುವ ಹಾಗೆ. ನೋಡುತ್ತ ನೋಡುತ್ತ ಕೈ ತಾನಾಗಿ ಅದನ್ನು ಮಗುಚಿತು. ಎಕ್ಸ್-ರೇ ಕೋಣೆಗೆ ಬಂದವರೆಲ್ಲ ಮುಖ ತೋರಿಸಿ ನಿಲ್ಲುತ್ತಾರೆ, ಕೂದಲು ಬೇರೆ ಸರಿಮಾಡಿಕೊಳ್ಳುತ್ತಾರೆ. ಅವರ ಭುಜ ಹಿಡಿದು ತಿರುಗಿಸುವುದೇ ಅವಳ ಮೊದಲ ಕೆಲಸ.

"ಅಪ್ಪ, ಮುಖ ಮುಟ್ಟೋದೇ ಬೇಡ. ಬೆನ್ನು ಮಾತ್ರ ಬಿಚ್ಚೋಣ. ಬೆನ್ನಲ್ಲಿ ಒಂದಕ್ಷರನೂ ಇಲ್ವಲ್ಲ."

"ಅರ್ಧ ಕೆಲಸವಾ?" ಅಪ್ಪನಿಗೆ ಅಸಹ್ಯವಾಯಿತು.

"ಅವರಿಗೆ ಬೆರಳಿಗೆ ಕಾಗದ ಸಿಗಬೇಕು, ಅಷ್ಟೆ."

"ಒಂದು ಕಡೆ ಬಿಚ್ಚಿದ್ರೆ ಆಗಲ್ಲ ಅಂದುಬಿಟ್ರೆ?"

ಕೇಳಿ ತಿಳಿಯೋಣವೆಂದರೆ ಕಚೇರಿ ಮುಚ್ಚಿತ್ತು. "ಹೆಸರಿಲ್ಲದ ಪದವಿಗಿಂತ ಅರ್ಧ ಪ್ಲಾಸ್ಟಿಕ್ಕಿನ ಪದವಿ ವಾಸಿ," ಎಂದಳು.

ವಾರಂಟಿ ಕಾರ್ಡಿನ ಮೇಲೆ ಪ್ರಯೋಗವಾಯಿತು. ಅಪ್ಪ ಕೊನೆಯವರೆಗೂ ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ.

"ಅದು ಫ್ರಿಜ್ಜಿನ ವಾರಂಟಿ ಕಣೇ!"

"ಆ ಫ್ರಿಜ್ ಎಲ್ಲಿದೆ ತೋರ್ಸಿ, ನಾನೇ ಕೈ ಮುಗೀತೀನಿ," ಎಂದರು ಅಮ್ಮ.

ಕಾರ್ಡಿನ ಬೆನ್ನು ಬಿಚ್ಚಿತು. ಮುಖ ಹಾಗೇ ಉಳಿಯಿತು. ಬಿಸಿ ಮುಖಕ್ಕೆ ದಾಟದಿರಲೆಂದು ಕೆಳಗೆ ಈಗಿನ ಫ್ರಿಜ್ಜಿನ ಐಸ್ ಪೆಟ್ಟಿಗೆಯಿಂದ ತೆಗೆದ ಸ್ಟೀಲ್ ಟ್ರೇ ಇಡುವ ಉಪಾಯವೂ ಅಮ್ಮನದೇ. ಇನ್ನು ಪದವಿ ಪತ್ರ.

ಮೊದಲು ಅಂಚು. ಕಾಗದದ ಸುತ್ತ ಅಪ್ಪ ಬಿಟ್ಟಿದ್ದ ಹೆಬ್ಬೆರಳಗಲದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಎರಡು ಪದರಗಳು ಕರಗಿ ಒಂದಾಗಿದ್ದವು. ಕಾಗದದ ಅಂಚಿಗೆ ಕೂದಲೆಳೆಯಷ್ಟು ತಾಗಿಸಿ ಕತ್ತರಿಸಿದರೆ ಮಾತ್ರ ಪದರಗಳು ಬೇರೆಯಾಗುತ್ತವೆ. ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡ್ ಎಳೆದವಳು ಅವಳು. ನಾಲ್ಕು ಕಡೆ, ನಾಲ್ಕು ಗೆರೆ. ಮೂರನೆಯದರಲ್ಲಿ ಬ್ಲೇಡ್ ಒಳಗೆ ಸರಿದು ಕಾಗದದ ಒಂದು ಎಳೆ ಬಂತು. ಅಪ್ಪ ಕಣ್ಣು ಮುಚ್ಚಿಕೊಂಡರು.

ಆಮೇಲೆ ಮೂವರೂ ಮೇಜನ್ನು ಸುತ್ತುವರಿದರು. ಪತ್ರ ತಣ್ಣನೆಯ ಟ್ರೇಯ ಮೇಲೆ ಬೋರಲಾಗಿ ಮಲಗಿತ್ತು. ಅಮ್ಮ ಇಸ್ತ್ರಿಯ ತಳಕ್ಕೆ ಒದ್ದೆ ಬೆರಳು ತಾಗಿಸಿ ಅದರ ಚುಂಯ್ ಎಂಬ ಉತ್ತರ ಕೇಳಿ ತಲೆಯಾಡಿಸಿದರು. ಅವಳು ಎರಡೂ ಅಂಗೈಯಿಂದ ಕಾಗದ ಒತ್ತಿ ಹಿಡಿದಳು. ಎಳೆಯುವವರು ಅಪ್ಪನೇ ಆಗಬೇಕಿತ್ತು. ಪ್ಲಾಸ್ಟಿಕ್ ಎಲ್ಲಿ ಹಟ ಮಾಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ಅವರ ಬೆರಳಿಗೆ ಮಾತ್ರ ಗೊತ್ತು. ಆದರೆ ಆ ಬೆರಳುಗಳು ಈಚೆಗೆ ನಡುಗುತ್ತಿದ್ದವು. ಚಹಾ ಲೋಟ ಅರ್ಧ ತುಂಬಿಸಿ ಕೊಡುವುದು ಅದಕ್ಕೇ.

ಮೂಲೆ ಎದ್ದಿತು. ಅಪ್ಪ ಹಿಡಿದರು. ಪ್ಲಾಸ್ಟಿಕ್ ಅವರ ಕೈಯಲ್ಲಿ ಎಲೆಯ ಹಾಗೆ ಅದುರಿತು.

"ಆಗಲ್ಲಮ್ಮ," ಎಂದರು. "ಹರಿದುಬಿಡ್ತೀನಿ."

"ಅಪ್ಪ, ನಾನು ಹೇಳ್ದಾಗ ಉಸಿರು ಹಿಡ್ಕೊಳ್ಳಿ. ಬಿಡಿ ಅನ್ನೋವರೆಗೂ ಬಿಡಬೇಡಿ. ಉಸಿರು ನಿಂತಾಗ ಮಾತ್ರ ಎಳೀರಿ."

"ನಾನೇನು ನಿನ್ನ ಪೇಷಂಟಾ?"

"ಹೂಂ. ಹಿಡ್ಕೊಳ್ಳಿ."

ಅಪ್ಪ ಉಸಿರು ಹಿಡಿದರು. ಕೈ ನಿಂತಿತು, ಪೂರ್ತಿ ಅಲ್ಲ, ಸಾಕಾಗುವಷ್ಟು. ಪ್ಲಾಸ್ಟಿಕ್ ತನ್ನ ಮೇಲೇ ಮಡಚಿಕೊಂಡು ಒಂದು ಬೆರಳಗಲ ಹಿಂದೆ ಸರಿಯಿತು. ಅದರ ಕೆಳಗೆ ಕಾಗದ. ಮಂಕಾದ, ಸಾಧಾರಣ ಕಾಗದ.

"ಬಿಡಿ. ಅಮ್ಮ, ಇಸ್ತ್ರಿ."

ಇಸ್ತ್ರಿ. ಹಿಡ್ಕೊಳ್ಳಿ. ಎಳೆತ. ಬಿಡಿ. ಕೋಣೆಯಲ್ಲಿ ಬೇರೆ ಮಾತಿರಲಿಲ್ಲ. ಬಾಯಿಗೆ ಬಿಡುವೇ ಕೊಡದ ಅಮ್ಮನೂ, ಯಾರೂ ಹೇಳದೆಯೇ, ಅಪ್ಪನ ಜೊತೆ ಉಸಿರು ಹಿಡಿದು ಬಿಡುತ್ತಿದ್ದರು. ಅಪ್ಪನ ಹಣೆಯ ಬೆವರು ಮೂಗಿನ ತುದಿಗೆ ಬಂದು ತೂಗಿತು. ಅಮ್ಮ ತಮ್ಮ ತೋಳಿನಿಂದ ಅದನ್ನು ಒರೆಸಿದರು. ಮುಕ್ಕಾಲು ಪಾಲು ಬಿಚ್ಚಿತ್ತು.

"ಹಿಡ್ಕೊಳ್ಳಿ," ಎಂದಳು.

ಫೋನು ಕಿರುಚಿತು.

ಅಪ್ಪನ ಕೈ ಬೆಚ್ಚಿತು. ಚರ್ ಎಂದು ಸದ್ದಾಯಿತು, ಸಣ್ಣ ಸದ್ದು. ಪ್ಲಾಸ್ಟಿಕ್ಕಿನ ಜೊತೆ ಕಾಗದದ ತೊಗಲೂ ಒಂದಿಷ್ಟು ಎದ್ದು ಬಂದಿತ್ತು, ಚಹಾ ಲೋಟದ ತಳದಷ್ಟು ಅಗಲ. ಅಲ್ಲಿ ಕಾಗದ ಹತ್ತಿಯ ಹಾಗೆ ನವಿರೆದ್ದು ನಿಂತಿತ್ತು. ಫೋನು ಇನ್ನೂ ಕಿರುಚುತ್ತಲೇ ಇತ್ತು. ಅಮ್ಮ ಎತ್ತಿಕೊಂಡರು.

"ಆಯ್ತಾ ಅತ್ತೆ?" ಎಂದು ಗಂಡನ ದನಿ.

"ಆಯ್ತಪ್ಪ," ಎಂದರು ಅಮ್ಮ. "ನಿಮ್ಮ ದೆಸೆಯಿಂದ ಈಗ ತಾನೇ ಆಯ್ತು," ಎಂದು ಫೋನಿನ ಉಸಿರನ್ನೇ ನಿಲ್ಲಿಸಿದರು.

ಅಪ್ಪ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದರು. "ನಾನು ಬೇಕು ಅಂತ ಮಾಡಿದ್ದಲ್ಲ," ಎಂದರು. ಯಾರೂ ಹಾಗೆ ಅಂದಿರಲಿಲ್ಲ.

"ಗೊತ್ತು ಅಪ್ಪ."

"ನೀನು ಹೋಗೋದು ನಂಗೆ ಇಷ್ಟ ಇಲ್ಲ ಅಂತ ನಿಮ್ಮಮ್ಮ ಅಂದ್ಲಲ್ಲ. ಅದು ನಿಜ. ಇದು ಅದಕ್ಕಲ್ಲ."

ಅವಳು ಪತ್ರವನ್ನು ಮೆಲ್ಲನೆ ಎತ್ತಿ ಬೆಳಕಿಗೆ ಹಿಡಿದಳು. ನವಿರೆದ್ದ ಜಾಗ ಉಳಿದದ್ದಕ್ಕಿಂತ ತೆಳ್ಳಗೆ ಕಂಡಿತು, ಬೆಳಕು ಅಲ್ಲಿ ತುಸು ಹೆಚ್ಚಾಗಿ ಸೋಸಿ ಬರುತ್ತಿತ್ತು. ಬಹಳ ಹೊತ್ತು ನೋಡಿದಳು. "ತೂತಾಗಿಲ್ಲ," ಎಂದಳು, ರೋಗಿಯ ಕಡೆಯವರಿಗೆ ಹೇಳುವ ದನಿಯಲ್ಲಿ. "ಮುರಿದಿಲ್ಲ. ತರಚಿದೆ ಅಷ್ಟೆ. ಉಳಿದದ್ದು ಎಳೀರಿ."

ಎಳೆದರು. ಅಷ್ಟು ಹೊತ್ತಿಗೆ ಟ್ರೇ ಬಿಸಿಯಾಗಿತ್ತು. ಪತ್ರ ಮಗುಚಿದಾಗ ಮುಂದಿನ ಪ್ಲಾಸ್ಟಿಕ್ಕಿನಲ್ಲಿ, ಸರಿಯಾಗಿ ಅವಳ ಹೆಸರಿನ ಮೇಲೆ, ಕಡಲೆ ಗಾತ್ರದ ಗುಳ್ಳೆ ಎದ್ದಿತ್ತು. ಹೆಸರು ಅದರೊಳಗೆ ಮಂಜಿನಲ್ಲಿ ನಿಂತಂತೆ ಕಾಣುತ್ತಿತ್ತು. ಹರಿದದ್ದನ್ನು ಹೇಗೋ ನುಂಗಿಕೊಂಡಿದ್ದ ಅಪ್ಪ, ಗುಳ್ಳೆ ನೋಡಿ ಕುರ್ಚಿಯಲ್ಲಿ ಕುಸಿದರು.

ಮರುದಿನ ಅವರೂ ಬರುತ್ತೇನೆಂದು ಹಟ ಹಿಡಿದರು. "ಕೇಳಿದ್ರೆ ಉತ್ತರ ಕೊಡೋಕೆ ಮಾಡಿದವನು ಇರಬೇಕು," ಎಂಬುದು ಅವರ ವಾದ. ಗಾಜಿನ ಮುಂದೆ ಸಾಲು ಉದ್ದಕ್ಕಿತ್ತು, ಗಾಜಿನ ಹಿಂದೆ ಕುರ್ಚಿ ಖಾಲಿ ಇತ್ತು. ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಕೈಚೀಲವನ್ನು ನೋಡುತ್ತ ಸಾಲಿನವರೆಲ್ಲ ಧೈರ್ಯ ತಂದುಕೊಳ್ಳುತ್ತಿದ್ದರು.

"ಚೀಲ ಇದೆ ಅಂದ್ರೆ ಇದಾರೆ," ಎಂದ ಹಿಂದಿನವನು.

"ನಮ್ಮ ಆಫೀಸಲ್ಲೂ ಚೀಲ ಇಟ್ಟೇ ಮನೆಗೆ ಹೋಗ್ತಾರೆ," ಎಂದಳು ಮುಂದಿನವಳು.

ಗೋಡೆ ಗಡಿಯಾರದ ಮುಳ್ಳು ಮಧ್ಯಾಹ್ನದ ಕಡೆಗೆ ವಾಲಿತ್ತು. ಮೀಟಿಂಗ್ ಮುಗಿಸಿ ಮೇಡಂ ಬಂದರು. ಅವಳ ಸರದಿ ಬಂದಾಗ ಪತ್ರ ತೆಗೆದುಕೊಂಡು ಕುಟ್ಟಿದರು. ಟಕ್ ಎಂದಿತು.

"ಇನ್ನೂ ಪ್ಲಾಸ್ಟಿಕ್ಕೇ."

"ಮಗುಚಿ ನೋಡಿ ಮೇಡಂ."

ಮಗುಚಿದರು. ಬೆರಳಾಡಿಸಿದರು. ಕನ್ನಡಕ ಏರಿಸಿಕೊಂಡರು. "ಒಂದೇ ಕಡೆ ಬಿಚ್ಚಿದೀರಾ?"

"ಮುಂದೆ ಬಿಚ್ಚಿದ್ರೆ ಹೆಸರೂ ಕಿತ್ಕೊಂಡು ಬರ್ತಿತ್ತು ಮೇಡಂ. ನೀವು ಬೆರಳಿಗೆ ಕಾಗದ ಸಿಗಬೇಕು ಅಂದ್ರಿ."

ಮೇಡಂ ಮುಖದ ಕಡೆ ತಿರುಗಿಸಿ, ಕಂಪ್ಯೂಟರಿನಲ್ಲಿದ್ದ ಹೆಸರಿನ ಜೊತೆ ಪತ್ರದ ಹೆಸರು ಹೋಲಿಸಲು ಹೊರಟು, ಗುಳ್ಳೆಯ ಬಳಿ ನಿಂತರು. ನೇರಳೆ ಹೆಬ್ಬೆರಳಿನಿಂದ ಅದನ್ನು ಅದುಮಿ, ಮಂಜು ಸರಿಸಿ, ಅಕ್ಷರ ಅಕ್ಷರವಾಗಿ ಓದಿದರು. "ಇದೇನು ಗುಳ್ಳೆ?"

"ಮೊದಲನೇದು, ಮೇಡಂ," ಎಂದರು ಅಪ್ಪ ಹಿಂದಿನಿಂದ, ತಪ್ಪೊಪ್ಪಿಗೆಯ ದನಿಯಲ್ಲಿ. "ಇಷ್ಟು ವರ್ಷದಲ್ಲಿ ಇದೊಂದೇ."

ಮೇಡಂ ಅವರನ್ನು ಒಮ್ಮೆ ನೋಡಿದರು, ಅವಳನ್ನು ಒಮ್ಮೆ. "ಆಗಲಿ. ನಂಗೆ ಬೇಕಾಗಿರೋದು ಬೆನ್ನು. ಮುಖ ನಿಮ್ಮದು." ಸೀಲನ್ನು ಶಾಯಿಗೆ ಒತ್ತಿ, ಬೆನ್ನಿನ ಮೇಲ್ಭಾಗದ ಸ್ವಚ್ಛ ಜಾಗ ಆರಿಸಿ ಧಡ್ ಎಂದು ಇಳಿಸಿದರು. ದುಂಡನೆಯ ಮೊಹರು ಚೆಂದವಾಗಿ ಮೂಡಿತು. ಊದಿದರು. ಸ್ವಲ್ಪ ಕಾದು ಹೆಬ್ಬೆರಳಿನಿಂದ ಒರೆಸಿದರು.

ಮೊಹರು ಜಾರಿ ನೇರಳೆ ಮೋಡವಾಯಿತು.

"ಅಂಟು ಉಳಿದಿದೆ," ಎಂದರು. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಬಟ್ಟೆಯಿಂದ ಉಜ್ಜಿದರು, ಮೋಡ ಹೋಗಿ ನೆರಳು ಉಳಿಯಿತು. "ನೋಡಿ, ಇನ್ನೊಂದು ಸಲ ಒತ್ತಬಹುದು. ಅದೂ ಕೂರದಿದ್ರೆ ಮೂರನೇದು ಒತ್ತಲ್ಲ. ಬೆನ್ನ ತುಂಬ ಸೀಲು ಬಿದ್ದಿರೋ ಪದವಿ ನೋಡಿದ್ರೆ ಅಲ್ಲಿಯವರು ನಿಮ್ಮನ್ನಲ್ಲ, ನನ್ನನ್ನ ಕೇಳ್ತಾರೆ."

ಪತ್ರದ ಬೆನ್ನೆಲ್ಲ ಒಂದೇ ಹಾಗೆ ಮಂಕಾಗಿ ಹೊಳೆಯುತ್ತಿತ್ತು. ನಿನ್ನೆ ಬರಿಯ ಕಾಗದ ಎಂದುಕೊಂಡದ್ದರ ಮೈಮೇಲೆಲ್ಲ ಅಂಟು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೂತಿತ್ತು. ಅಪ್ಪನ ಕೆಲಸವಲ್ಲವೇ, ಬಿಟ್ಟು ಹೋಗುವ ಜಾತಿಯದಲ್ಲ. ಎಲ್ಲಿ ಒತ್ತಿ ಎಂದು ಹೇಳುವುದು?

ಪಕ್ಕದಿಂದ ಒಂದು ಬೆರಳು ಬಂತು. ನಡುಗುತ್ತ ಬಂದು ಗಾಜಿಗೆ ತಾಗಿ ನಿಂತಿತು.

"ಅಲ್ಲಿ ಒತ್ತಿ ಮೇಡಂ."

"ಅಲ್ಲಿ ಹರಿದಿದೆಯಲ್ಲ ಯಜಮಾನ್ರೆ."

"ಹರಿದಿದೆ, ಅದಕ್ಕೇ. ಅಂಟು ಕಾಗದದ ತೊಗಲನ್ನೂ ಕರ್ಕೊಂಡು ಎದ್ದು ಹೋಗಿದೆ. ಇಡೀ ಪತ್ರದಲ್ಲಿ ನಾನು ಮುಟ್ಟದ ಜಾಗ ಅಂದ್ರೆ ಅದೊಂದೇ."

ಮೇಡಂ ನವಿರೆದ್ದ ಜಾಗವನ್ನು ಉಗುರಿನಿಂದ ಸವರಿದರು. ಸದ್ದಾಗಲಿಲ್ಲ. ಕಾಗದದ ಕೆಳಗೆ ಒಂದು ಫೈಲು ಇಟ್ಟು ಮಟ್ಟ ಮಾಡಿದರು. "ತೂತಾದ್ರೆ ನಾನಲ್ಲ," ಎಂದರು.

ಅವಳು ತನಗರಿವಿಲ್ಲದೆ ಅಪ್ಪನ ಮೊಣಕೈ ಹಿಡಿದುಕೊಂಡಳು. "ಉಸಿರು ಹಿಡ್ಕೊಳ್ಳಿ," ಎಂದಳು. ಯಾರಿಗೆ ಹೇಳಿದಳೋ. ಗಾಜಿನ ಆಚೆ ಮೇಡಂ ಕೂಡ ಕ್ಷಣ ತಡೆದ ಹಾಗೆ ಕಂಡಿತು. ಈ ಸಲ ಸೀಲು ಧಡ್ ಎನ್ನಲಿಲ್ಲ. ಮೆಲ್ಲನೆ ಇಳಿದು, ಕೂತು, ಎದ್ದಿತು. ನವಿರು ಶಾಯಿಯನ್ನು ಕುಡಿಯಿತು. ಮೊಹರಿನ ಅಂಚು ಒಂದಿಷ್ಟು ಹಬ್ಬಿತು, ಒಳಗಿನ ಅಕ್ಷರಗಳು ನಿಂತವು. ಮೇಡಂ ಊದಲಿಲ್ಲ. ಕಾದರು. ಬಳಿಕ ಹೆಬ್ಬೆರಳು ಇಟ್ಟು ಒತ್ತಿ ಎಳೆದರು.

ಹೆಬ್ಬೆರಳಿಗೆ ಏನೂ ಬರಲಿಲ್ಲ.

ಸಹಿ ಹಾಕಿ, ತಾರೀಕು ಬರೆದು, ಪತ್ರವನ್ನು ಸಂದಿಯಿಂದ ಈಚೆ ತಳ್ಳಿ, "ಮುಂದಿನವರು," ಎಂದರು.

ಅವಳು ಪತ್ರ ಹಿಡಿದು ಬಾಗಿಲವರೆಗೂ ಬಂದು ತಿರುಗಿ ನೋಡಿದರೆ ಅಪ್ಪ ಇನ್ನೂ ಗಾಜಿನ ಪಕ್ಕದಲ್ಲೇ ನೆಟ್ಟಗೆ ನಿಂತಿದ್ದಾರೆ. ಮುಖ ಕೆಂಪೇರಿದೆ, ಕೆನ್ನೆ ಉಬ್ಬಿದೆ. ಓಡಿಹೋಗಿ ಬೆನ್ನು ಸವರಿದಳು. "ಅಪ್ಪ, ಬಿಡಿ, ಉಸಿರು ಬಿಡಿ!" ಬಿಟ್ಟರು. ಸಾಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಬಿಟ್ಟರು.

"ನೀನು ಹೇಳ್ಲೇ ಇಲ್ವಲ್ಲ," ಎಂದರು ಏದುಸಿರಿನಲ್ಲಿ.

ಎದುರು ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಕಡೆ ಸ್ಕ್ಯಾನ್ ಮಾಡಿಸಿ, ಅಲ್ಲಿಯ ಕಂಪ್ಯೂಟರಿನಲ್ಲೇ ಕೂತು ಅರ್ಜಿ ಕಳಿಸಿದಳು. ಅರ್ಜಿ ತಲುಪಿದೆ ಎಂಬ ಸಾಲು ಪರದೆಯ ಮೇಲೆ ಬಂತು. ಅದರಡಿಯಲ್ಲಿ ಅವಳ ವಯಸ್ಸು ಮೂವತ್ತೊಂಬತ್ತು ಎಂದೇ ಇತ್ತು. ಗಂಡನಿಗೆ ಅದರ ಫೋಟೋ ಕಳಿಸಿದಳು. ಅವನು ಈ ಸಲ ಹೆದರಿ ಫೋನು ಮಾಡಲಿಲ್ಲ, ಬರೆದು ಕೇಳಿದ: ಈಗ ಮಾತಾಡಬಹುದಾ?

ಅಷ್ಟರಲ್ಲಿ ಅಪ್ಪ ಅಂಗಡಿಯವನ ಲ್ಯಾಮಿನೇಷನ್ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಮುಗಿಸಿದ್ದರು. ಉರುಳೆಯ ಬಿಸಿಯನ್ನು ಅಂಗೈ ಹಿಡಿದು ನೋಡಿ, ಸಾಲದು ಎಂಬಂತೆ ತುಟಿ ಚಾಚಿದ್ದರು. ಅಂಗಡಿಯವನು ಮೇಜಿನ ಮೇಲಿದ್ದ ಪದವಿ ಪತ್ರವನ್ನು ಕಂಡ.

"ಯಜಮಾನ್ರೆ, ಹಿಂದುಗಡೆ ಬಿಟ್ಕೊಂಡಿದೆಯಲ್ಲ. ಹೊಸದಾಗಿ ಲ್ಯಾಮಿನೇಷನ್ ಮಾಡಿಕೊಡ್ಲಾ?"

ಅಪ್ಪನ ಕೈ ಪತ್ರದ ಕಡೆ ಹೋಯಿತು, ಅಭ್ಯಾಸಬಲದಿಂದ. ಹೆಬ್ಬೆರಳು ಗುಳ್ಳೆಯನ್ನು ಒಮ್ಮೆ ಸವರಿ ಬೇಸರಪಟ್ಟಿತು. ನಂತರ ಪತ್ರವನ್ನು ಮಗುಚಿ, ಮೊಹರಿನ ಸುತ್ತ ಉಳಿದಿದ್ದ ನವಿರಿನ ಅಳತೆಯನ್ನು ಕಣ್ಣಿನಲ್ಲೇ ತೆಗೆದುಕೊಂಡರು.

"ಬೇಡಪ್ಪ," ಎಂದರು. "ಬೆನ್ನು ಹಾಗೇ ಇರ್ಲಿ. ಆ ದೇಶದವರೂ ಏನಾದ್ರೂ ಒತ್ತಬೇಕು ಅಂದ್ರೆ ಜಾಗ ಬೇಕಲ್ಲ."